ಹೆಂಗಸರ ಜಿಮ್ನಾಸ್ಟಿಕ್ಸ್, ಸಮಾಜಕ್ಕೆ ಹಿಡಿದ ಕನ್ನಡಿನಾ?

ಪರ

ಹೌದು, ಅನುಮಾನ ಇದ್ರೆ ಫ್ಲೋರ್ ಎಕ್ಸರ್‌ಸೈಜ್ ಒಂದನ್ನೇ ನೋಡಿ ಸಾಕು. ಅದೇ 12 ಮೀಟರ್ ಚೌಕ, ಅದೇ ಪಲ್ಟಿಗಳು, ಗಂಡಸ್ರು ಮ್ಯೂಸಿಕ್ಕೇ ಇಲ್ದೆ ಬಂದು ಹಾರಿ, ನೆಟ್ಟಗೆ ನಿಂತು, ಹೋಗ್ತಾರೆ, ಹೆಂಗಸ್ರು ಮಾತ್ರ ಸಂಗೀತಕ್ಕೆ ತಕ್ಕಂತೆ ಕುಣೀಬೇಕು, ಮುಖದಲ್ಲಿ ಭಾವ ಇರ್ಬೇಕು, ಅದು ಸಾಲ್ದು ಅನ್ಸಿದ್ರೆ ಜಡ್ಜ್ ಪಾಯಿಂಟ್ ಕಟ್ ಮಾಡ್ತಾರೆ. ಗಾಳೀಲಿ ಎರಡು ಸಲ ತಿರುಗಿ ಇಳಿದವಳು ಚೆಂದಾನೂ ಕಾಣ್ಬೇಕಂತೆ! ಬಟ್ಟೆ ವಿಷ್ಯಾನೂ ಅಷ್ಟೇ. ಗಂಡಸ್ರು ಶಾರ್ಟ್ಸೋ ಪ್ಯಾಂಟೋ ಹಾಕಿದ್ರೆ ಯಾರೂ ತಿರುಗಿ ನೋಡಲ್ಲ, 2021ರಲ್ಲಿ ಜರ್ಮನಿ ಹುಡುಗೀರು ಕಾಲು ಪೂರ್ತಿ ಮುಚ್ಚೋ ಡ್ರೆಸ್ ಹಾಕ್ಕೊಂಡು ಬಂದಿದ್ದು, ರೂಲ್ಸ್‌ನಲ್ಲಿ ಅವಕಾಶ ಇದ್ರೂ, ಪ್ರಪಂಚಕ್ಕೆಲ್ಲ ಸುದ್ದಿ ಆಯ್ತು.

ಇನ್ನು ನೋವು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕೆರ್ರಿ ಸ್ಟ್ರಗ್ ಮೊದಲನೇ ವಾಲ್ಟ್‌ನಲ್ಲೇ (ಓಡಿ ಬಂದು ಒಂದು ಸಾಧನದ ಮೇಲೆ ಕೈಯೂರಿ ಹಾರೋದು) ಪಾದದ ಗಂಟಿಗೆ ಪೆಟ್ಟು ಮಾಡ್ಕೊಂಡ್ಲು, ಕುಂಟ್ಕೊಂಡೇ ಹೋಗಿ ಮತ್ತೆ ಹಾರಿ ಒಂಟಿ ಕಾಲಲ್ಲಿ ನಿಂತ್ಲು, ಕೋಚ್ ಅವಳನ್ನ ಎತ್ಕೊಂಡು ಬಂದಿದ್ದನ್ನ ಎಲ್ಲರೂ ಕೊಂಡಾಡಿದ್ರು. ಲೆಕ್ಕ ಹಾಕಿದ್ರೆ ಆ ಎರಡನೇ ವಾಲ್ಟ್ ಇಲ್ದೇನೂ ಅಮೆರಿಕಕ್ಕೆ ಚಿನ್ನ ಬರ್ತಿತ್ತು. ಸಹಿಸ್ಕೊ, ಬಾಯಿ ಮುಚ್ಚು, ನಗ್ತಾ ಇರು, ಹೆಣ್ಣುಮಕ್ಕಳಿಗೆ ಹೇಳಿಕೊಡೋ ಪಾಠಾನೇ ಇದು. ಇದೇ ಪಾಠದ ನೆರಳಲ್ಲೇ ಅಮೆರಿಕ ತಂಡದ ಡಾಕ್ಟರ್ ಲ್ಯಾರಿ ನಾಸರ್ ಹುಡುಗೀರ ಮೇಲೆ ಲೈಂಗಿಕ ದೌರ್ಜನ್ಯ ಮಾಡ್ತಾ ವರ್ಷಗಟ್ಟಲೆ ಬಚಾವಾಗಿದ್ದು. ಹುಡುಗೀರು ಹೇಳ್ಕೊಂಡ್ರೂ ದೊಡ್ಡೋರು ಕಿವಿಗೇ ಹಾಕ್ಕೊಳ್ಳಿಲ್ಲ, ಕೊನೆಗೆ 2018ರಲ್ಲಿ 150ಕ್ಕೂ ಹೆಚ್ಚು ಜನ ಕೋರ್ಟ್‌ನಲ್ಲಿ ನಿಂತು ಹೇಳ್ಬೇಕಾಯ್ತು.

ವಿರೋಧ

ನಾಸರ್ ವಿಷ್ಯದಲ್ಲಿ ವಾದಾನೇ ಇಲ್ಲ, ಮ್ಯೂಸಿಕ್ ರೂಲೂ ಹಳೇ ಕಾಲದ್ದೇ, ಒಪ್ತೀನಿ. ಆದ್ರೆ ಪ್ರತಿಬಿಂಬ ಅಂದ್ಮೇಲೆ ಕಾಲಕ್ಕೆ ತಕ್ಕಂತೆ ಬದಲಾಗ್ಬೇಕಲ್ವಾ? ಇತಿಹಾಸ ನೋಡಿದ್ರೆ ಉಲ್ಟಾ ಇದೆ. ಹೆಂಗಸರು ಮನೇಲಿರ್ಬೇಕು ಅನ್ನೋ ಮಾತು ಜೋರಾಗಿದ್ದ 1958ರಲ್ಲಿ ಸೋವಿಯತ್ ಒಕ್ಕೂಟದ ಲರಿಸಾ ಲಾಟಿನಿನಾ ಬಸುರಿಯಾಗಿದ್ದಾಗ್ಲೇ ವರ್ಲ್ಡ್ ಚಾಂಪಿಯನ್‌ಶಿಪ್‌ನಲ್ಲಿ 5 ಚಿನ್ನ ಗೆದ್ಲು, 1968ರಲ್ಲಿ ಒಲಿಂಪಿಕ್ ಚಾಂಪಿಯನ್ ಆದಾಗ ಜೆಕೊಸ್ಲೊವಾಕಿಯಾದ ವೆರಾ ಚಾಸ್ಲಾವ್ಸ್ಕಾಗೆ 26 ವರ್ಷ. ಅದೇ ಸ್ತ್ರೀವಾದ ಬೀದಿಗಿಳಿದ ಎಪ್ಪತ್ತರ ದಶಕದಲ್ಲಿ ರೊಮೇನಿಯಾದ 14ರ ನಾಡಿಯಾ ಕೊಮನೆಚಿ ಪರ್ಫೆಕ್ಟ್ 10, ಅಂದ್ರೆ ಪೂರ್ತಿ ಅಂಕ, ತಗೊಂಡ್ಲು, ಆಮೇಲೆ ಪುಟ್ಟ ಹುಡುಗೀರದ್ದೇ ರಾಜ್ಯ. ಯಾಕೆ? ಕಷ್ಟದ ಪಲ್ಟಿಗೆ ಜಾಸ್ತಿ ಪಾಯಿಂಟ್, ಚಿಕ್ಕ ಮೈ ಬೇಗ ತಿರುಗತ್ತೆ, ಅಷ್ಟೇ. ಫಿಸಿಕ್ಸ್‌ಗೂ ಸಮಾಜಕ್ಕೂ ಗಂಟು ಹಾಕೋದು ಸುಲಭ ಬಿಡಿ.

ಆಟ ತನ್ನನ್ನ ತಾನೇ ತಿದ್ಕೊಂಡಿದ್ದೂ ಇದೆ. 1997ರಿಂದ ದೊಡ್ಡವರ ಸ್ಪರ್ಧೆಗೆ ಕನಿಷ್ಠ ವಯಸ್ಸು 16. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಸಿಮೋನ್ ಬೈಲ್ಸ್ ಒಂದೇ ವಾಲ್ಟ್ ಆದ್ಮೇಲೆ ಗಾಳೀಲಿ ದಿಕ್ಕು ತಪ್ತಿದೆ ಅಂತ ಟೀಮ್ ಫೈನಲ್ ಬಿಟ್ಟು ಹೊರಗೆ ಬಂದ್ಲು, ಬೈಯೋರು ಬೈದ್ರು, ಮೂರು ವರ್ಷ ಬಿಟ್ಟು ಪ್ಯಾರಿಸ್‌ನಲ್ಲಿ 27ನೇ ವಯಸ್ಸಿಗೆ ಮೂರು ಚಿನ್ನ ತಗೊಂಡ್ಲು. ಅದೇ ಟೋಕಿಯೋದಲ್ಲಿ ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ ತನ್ನ ಎಂಟನೇ ಒಲಿಂಪಿಕ್ಸ್ ಆಡಿದಾಗ ವಯಸ್ಸು 46, ಮಗನಿಗೇ ಇಪ್ಪತ್ತು ದಾಟಿತ್ತು. ಮದುವೆ ಆಯ್ತು, ಮಗು ಆಯ್ತು, ಇನ್ನು ಸಾಕು ಅನ್ನೋ ಸಮಾಜದ ಪ್ರತಿಬಿಂಬ ಇದು ಅಂತ ಹೇಗ್ರೀ ಒಪ್ಕೊಳ್ಳೋದು?