ಗಂಡಭೇರುಂಡದ ಸ್ಟ್ಯಾಂಪು ಅಂಚೆಯದ್ದಲ್ಲ

ಅಜ್ಜನ ಪೆಟ್ಟಿಗೆಯಲ್ಲಿ ಗಂಡಭೇರುಂಡದ ಸ್ಟ್ಯಾಂಪು ಸಿಕ್ಕರೆ ಅದು ಮೈಸೂರು ಮಹಾರಾಜರ ಅಂಚೆಚೀಟಿ, ಲಕ್ಷಗಟ್ಟಲೆ ಬೆಲೆ ಎಂಬ ಮಾತು ಮೈಸೂರು, ಮಂಡ್ಯದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಮೈಸೂರಿಗೆ ಸ್ವಂತ ಅಂಚೆ ಇತ್ತು, ಅದು ನಮ್ಮ ಹೆಮ್ಮೆಯೇ. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಆದರೆ ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳಂತೆ ಮೈಸೂರು ತನ್ನದೇ ಅಂಚೆಚೀಟಿ ಹೊರಡಿಸಲೇ ಇಲ್ಲ. ಗಂಡಭೇರುಂಡ ಇರುವವು ಕೋರ್ಟ್ ಫೀ ಮತ್ತು ರೆವಿನ್ಯೂ ಸ್ಟ್ಯಾಂಪುಗಳು. ಅರ್ಜಿ, ರಸೀದಿಗಳಿಗೆ ಅಂಟಿಸುತ್ತಿದ್ದವು. ಮಹಾರಾಜರ ಆಳ್ವಿಕೆಯಲ್ಲೇ ಬರೆದ ಮನೆಯ ಕಾಗದಗಳ ಮೇಲೂ ಎಡ್ವರ್ಡ್, ಜಾರ್ಜ್ ದೊರೆಗಳ ಮುಖ ಕಾಣುವುದು ಮೈಸೂರಿಗೆ ಸ್ವಂತ ಅಂಚೆಚೀಟಿ ಇರದ ಕಾರಣಕ್ಕೆ.

ದಯವಿಟ್ಟು ಇಂಥ ಹಳೆಯ ಕಾಗದಗಳ ಮೇಲಿನ ಚೀಟಿಯನ್ನು ಕಿತ್ತು ಮಾರಲು ಹೋಗಬೇಡಿ. ಕಿತ್ತರೆ ಅದರ ಮೇಲೆ ಅಂಚೆ ಕಚೇರಿ ಒತ್ತಿದ ಠಸ್ಸೆ ಹರಿಯುತ್ತದೆ. ಕಾಗದ ಯಾವ ಊರಿನಿಂದ ಹೊರಟಿತು, ಎಂದು ತಲುಪಿತು ಎಂದು ಹೇಳುವುದು ಅದೇ. ಠಸ್ಸೆ ಮಾಸಿದ್ದರೆ ವಿಳಾಸ ನೋಡಿ. ‘ಮಂಡ್ಯ ತಾಲ್ಲೂಕು, ಮೈಸೂರು ಜಿಲ್ಲೆ’ ಎಂದಿದ್ದರೆ, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಗುವ ಮೊದಲಿನದಿರಬಹುದು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಳೆಯದಂತೂ ಅಲ್ಲ.