ಹೊಗೆ ಕಾಣಬೇಕು, ಸೊಳ್ಳೆ ಸಾಯಬೇಕಿಲ್ಲ

ಸೊಳ್ಳೆ ಕೊಲ್ಲಲೆಂದು ಕೀಟನಾಶಕದ ಹೊಗೆ ಬಿಡುವ ಫಾಗಿಂಗ್‌ಗೆ ಪ್ರಶಸ್ತ ಮುಹೂರ್ತ ನಡುಮಧ್ಯಾಹ್ನ. ನೆಲ ಕಾದಿರುವುದರಿಂದ ಬಿಸಿಗಾಳಿಯ ಜೊತೆ ಹೊಗೆಯೂ ಮೇಲೇರಿ, ಆಡಳಿತ ಎಚ್ಚರವಾಗಿದೆ ಎಂದು ದೂರದವರಿಗೂ ತಿಳಿಸುತ್ತದೆ. ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿ ಬಿಟ್ಟರೆ ಅದು ನೆಲದ ಮಟ್ಟದಲ್ಲೇ ಹರಡಿ, ಹಾರಾಡುವ, ಡೆಂಗಿ ಹಂಚುವ ಈಡಿಸ್ ಸೊಳ್ಳೆಗೆ ತಾಗಿಬಿಡುವ ಅಪಾಯವಿದೆ. ಫೋಟೊಗೆ ಬೆಳಕೂ ಸಾಲದು.

ಯಂತ್ರ ಬೀದಿ ಬಿಟ್ಟು ಒಳಗೆ ಹೋಗಬಾರದು. ಹೆಣ್ಣು ಈಡಿಸ್ ಸಾಮಾನ್ಯವಾಗಿ ವಿಶ್ರಮಿಸುವುದು ಮನೆಯೊಳಗೆ: ಮಂಚದಡಿ, ಕಪಾಟಿನ ಹಿಂದೆ, ನೇತುಹಾಕಿದ ಬಟ್ಟೆಯ ಮಡಿಕೆಯಲ್ಲಿ. ಹೊಗೆ ಕಂಡೊಡನೆ ಜನ ಕಿಟಕಿ ಮುಚ್ಚುತ್ತಾರೆ. ಒಳಗೆ ಅವರೂ ಕ್ಷೇಮ, ಸೊಳ್ಳೆಯೂ ಕ್ಷೇಮ. ಕೀಟನಾಶಕವನ್ನು ಮಾತ್ರ ಬದಲಿಸಬೇಡಿ. ವರ್ಷಗಟ್ಟಲೆ ಒಂದೇ ಪೈರೆಥ್ರಾಯ್ಡ್ ಉಣಿಸಿದರೆ ಸೊಳ್ಳೆಗೂ ಒಗ್ಗುತ್ತದೆ. ಆ ದಟ್ಟ ಹೊಗೆಯ ಬಹುಪಾಲು ಡೀಸೆಲ್ ಅನ್ನಿ. ಭೂಮಿ ಬಿಸಿಯಾಗಿ ಹಬ್ಬಿದ ಕಾಯಿಲೆಗೆ ಡೀಸೆಲ್ಲೇ ಮದ್ದು!

ನೀರಿನಲ್ಲಿರುವ ಮರಿಹುಳುಗಳ ಚಿಂತೆ ಬೇಡ, ಹೊಗೆ ಅಲ್ಲಿಗೆ ಇಳಿಯುವುದಿಲ್ಲ. ಮೊಟ್ಟೆಗಳಂತೂ ನೀರಿನ ಗೆರೆಯ ತುಸು ಮೇಲೆ ತೊಟ್ಟಿಯ ಗೋಡೆಗೆ ಅಂಟಿ, ಒಣಗಿದರೂ ತಿಂಗಳುಗಟ್ಟಲೆ ಕಾಯಬಲ್ಲವು. ನೀರು ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆ ಒಳಗೋಡೆಯನ್ನು ಗಸಗಸ ತಿಕ್ಕಬೇಕು. ಖಾಲಿ ಮಾಡಲಾಗದ ತೊಟ್ಟಿಗೆ ನೂರು ಲೀಟರಿಗೆ 10 ಗ್ರಾಂ ಲೆಕ್ಕದಲ್ಲಿ ಮರಿಹುಳು ಕೊಲ್ಲುವ ಶೇ 1ರ ಟೆಮಿಫಾಸ್ ಹರಳು ಸಾಕು. ಆದರೆ ಬ್ರಷ್‌ಗೆ ಸದ್ದಿಲ್ಲ, ಹರಳಿಗೆ ಹೊಗೆಯಿಲ್ಲ. ಯಾವ ಗಣ್ಯರು ಹಸಿರು ನಿಶಾನೆ ತೋರಿಸುತ್ತಾರೆ?

ಇಷ್ಟರಲ್ಲಿ ವೈರಸ್ಸು ತನ್ನ ಕಚೇರಿಯನ್ನು ಚುರುಕುಗೊಳಿಸಿದೆ. ರೋಗಿಯ ರಕ್ತ ಹೀರಿದ ಸೊಳ್ಳೆ ತಕ್ಷಣ ಡೆಂಗಿ ಹಂಚಲಾರದು. ವೈರಸ್ಸು ಅದರ ಹೊಟ್ಟೆಯಿಂದ ಜೊಲ್ಲುಗ್ರಂಥಿಗೆ ತಲುಪಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದಕ್ಕೆ ಸುಮಾರು 15 ದಿನ. ಅಷ್ಟರೊಳಗೆ ಎಷ್ಟೋ ಸೊಳ್ಳೆಗಳು ಸತ್ತೇ ಹೋಗುತ್ತವೆ. 30 ಡಿಗ್ರಿಯಲ್ಲಿ ಆರೂವರೆ ದಿನ ಸಾಕು. ಐದು ಡಿಗ್ರಿಗೆ ವೈರಸ್ಸಿನ ಕಡತ ಇಷ್ಟು ಬೇಗ ವಿಲೇವಾರಿಯಾಗುತ್ತದೆ. ನಮ್ಮದು? ಜ್ವರ ಬಂದು, ರಕ್ತಪರೀಕ್ಷೆಯಾಗಿ, ವರದಿ ಮೇಜಿನಿಂದ ಮೇಜಿಗೆ ನಡೆದು, ಫಾಗಿಂಗ್ ಗಾಡಿ ಬೀದಿಗೆ ಬರುವಾಗ ಕಚ್ಚಿದ ಸೊಳ್ಳೆಯ ಮೊಮ್ಮಕ್ಕಳು ಸ್ವಾಗತಿಸುತ್ತಾರೆ. 2024ರಲ್ಲಿ ಜಗತ್ತಿನಲ್ಲಿ ವರದಿಯಾದ ಡೆಂಗಿ ಪ್ರಕರಣಗಳು 1.4 ಕೋಟಿ ದಾಟಿದವು. ವರದಿಯಾದವು ಮಾತ್ರ.

ಮೊದಲೆಲ್ಲ ಈ ಪದ್ಧತಿ ಸೋತದ್ದೇ ಇಲ್ಲ. ತಿಂಗಳಿಡೀ ಹೊಗೆ ಬಿಡುವುದು, ಅಷ್ಟರಲ್ಲಿ ಚಳಿ ಬರುವುದು, ಪ್ರಕರಣ ಇಳಿಯುವುದು, ‘ಫಾಗಿಂಗ್ ಯಶಸ್ವಿ’ ಎಂದು ಪ್ರಕಟಣೆ ಕೊಡುವುದು. ಈಗ ಚಳಿಯೇ ಹೊತ್ತಿಗೆ ಬರುತ್ತಿಲ್ಲ. ಪ್ರಕಟಣೆ ಸಿದ್ಧವಿದೆ, ದಿನಾಂಕ ಖಾಲಿ ಬಿಟ್ಟಿದೆ. ಅಲ್ಲಿಯವರೆಗೆ ಇನ್ನೆರಡು ಬ್ಯಾರೆಲ್ ಡೀಸೆಲ್ ತರಿಸಿ.