ಬಿದ್ದ ಅಕೇಶಿಯಾ ತೆಗೀರಿ, ಅದರಡಿಯ ಗಿಡ ಮುಟ್ಟಬೇಡಿ

ಪುನರ್ವಸು ಮಳೆ ಜೊತೆ ಗಾಳಿ ಎದ್ದರೆ ಸಾಕು, ತೀರ್ಥಹಳ್ಳಿ, ಹೊಸನಗರ ಕಡೆಯ ವಾಟ್ಸಾಪ್ ಗ್ರೂಪುಗಳ ತುಂಬಾ ಒಂದೇ ಥರದ ಫೋಟೋ. ರಸ್ತೆಗೆ ಅಡ್ಡ ಮರ, ಮುರಿದ ಕಂಬ, ಜೋತುಬಿದ್ದ ತಂತಿ. "ಕಾಡೆಲ್ಲ ಹೋಯ್ತು ಮಾರಾಯ್ರೇ" ಅಂತ ಕೆಳಗೊಂದು ಕಾಮೆಂಟ್. ಫೋಟೋ ಸ್ವಲ್ಪ ಹಿಗ್ಗಿಸಿ ನೋಡಿ, ಬಿದ್ದಿರುವುದು ಹೆಚ್ಚಾಗಿ ಅಕೇಶಿಯಾ, ಅಂದರೆ ಕಾಡಿನದಲ್ಲ, ಸಾಲಾಗಿ ನೆಟ್ಟ ತೋಪಿನ ಮರ.

ಬೀಳದೆ ಇನ್ನೇನು? ಎಲ್ಲವೂ ಒಂದೇ ವರ್ಷ ನೆಟ್ಟಿದ್ದು, ಒಂದೇ ಎತ್ತರ. ಬೆಳಕಿಗಾಗಿ ಪೈಪೋಟಿ ಮಾಡಿ ಸಣಕಲಾಗಿ ಮೇಲೇರಿದ್ದು. ಪಕ್ಕದ ಸಾಲು ಕಡಿದರೆ ಅಥವಾ ರಸ್ತೆ ಅಗಲ ಮಾಡಿದರೆ, ಅಲ್ಲಿಯವರೆಗೆ ಗಾಳಿಯನ್ನೇ ಕಾಣದ ಒಳಗಿನ ಮರ ನೇರ ಗಾಳಿಗೆ ಎದೆ ಕೊಡಬೇಕು. ಬುಡಮೇಲಾದ ಒಂದು ಮರದ ಬೇರು ನೋಡಿ: ಜಂಬಿಟ್ಟಿಗೆ ಕಲ್ಲಿನ ಮೇಲೆ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ.

ಹಾಗಂತ ಕಾಡಿನ ಮರ ಬೀಳುವುದೇ ಇಲ್ಲ ಅಂತಲ್ಲ. ಹೆಬ್ಬಲಸೂ ಬೀಳುತ್ತದೆ, ಧೂಪವೂ ಬೀಳುತ್ತದೆ. ಬಿದ್ದ ಮೇಲೆ ಏನಾಗುತ್ತದೆ ಅನ್ನುವುದನ್ನು ಮಾತ್ರ ನಾವು ನೋಡುವುದಿಲ್ಲ, ಅಷ್ಟೊತ್ತಿಗೆ ಕರೆಂಟ್ ಬಂದಿರುತ್ತದೆ! ನಮ್ಮ ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡು) ಒಂದು ನೇರಳೆ ಮಲಗಿಕೊಂಡಿದೆ. ಅರ್ಧ ಬೇರು ಇನ್ನೂ ಮಣ್ಣಿನಲ್ಲೇ ಇದೆ. ಕಾಂಡದುದ್ದಕ್ಕೂ ಚಿಗುರು ಎದ್ದು, ಈಗ ಒಂದೊಂದೂ ತೋಳಿನಷ್ಟು ದಪ್ಪ.

ನಮ್ಮ ಗಾಳಿ ಏನೂ ಅಲ್ಲ ಅನ್ನಿಸುವಂಥ ಚಂಡಮಾರುತ ಕೆರಿಬಿಯನ್ ದ್ವೀಪಗಳಿಗೆ ಬರುತ್ತವೆ. 1988ರಲ್ಲಿ ಗಿಲ್ಬರ್ಟ್ ಜಮೈಕಾಕ್ಕೆ ಬಡಿದಾಗ ಬೆಟ್ಟದ ಮೇಲಿನ ಪೈನ್ ತೋಪುಗಳು ಭಾರೀ ಪೆಟ್ಟು ತಿಂದವು. ಅಲ್ಲೇ ಹತ್ತಿರದ ಕಾಡಿನಲ್ಲಿ ಸತ್ತ ಮರಕ್ಕಿಂತ ಮತ್ತೆ ಚಿಗುರಿದ ಮರವೇ ಎಷ್ಟೋ ಜಾಸ್ತಿ. ಮರುವರ್ಷ ಹ್ಯೂಗೋ ಬಂದು ಪೋರ್ಟೊರಿಕೋದ ಲುಕಿಯೋ ಕಾಡನ್ನು ಬೋಳು ಮಾಡಿತು. ಆ ಕಾಡಿನ ಮುಖ್ಯ ಮರ ಟಬೊನುಕೋ, ನಮ್ಮ ರಾಳಧೂಪದ ಕುಟುಂಬದ್ದೇ. ಗುಡ್ಡದ ನೆತ್ತಿಯಲ್ಲಿ ಅಕ್ಕಪಕ್ಕದ ಟಬೊನುಕೋಗಳ ಬೇರುಗಳು ಒಂದಕ್ಕೊಂದು ಬೆಸೆದುಕೊಂಡು ಬೆಳೆಯುತ್ತವೆ, ಹಾಗಾಗಿ ಒಂದನ್ನು ಬೀಳಿಸಬೇಕಾದರೆ ಗಾಳಿ ಇಡೀ ಗುಂಪನ್ನೇ ಅಲ್ಲಾಡಿಸಬೇಕು. ಬೆಳಕು ಬಿದ್ದ ಜಾಗದಲ್ಲಿ ಸೆಕ್ರೋಪಿಯಾ ಅನ್ನುವ ಮೆದು ಮರ ದಡಬಡ ಎದ್ದಿತು. ನಮ್ಮಲ್ಲಿ ಆ ಕೆಲಸ ಚಂದಕಲು ಮರದ್ದು.

ಅದೇ ಪೋರ್ಟೊರಿಕೋದಲ್ಲಿ ಏರಿಯಲ್ ಲೂಗೋ ಅನ್ನುವ ವಿಜ್ಞಾನಿ ತೋಪುಗಳನ್ನೂ ಪಕ್ಕದ ಕಾಡನ್ನೂ ವರ್ಷಗಟ್ಟಲೆ ಹೋಲಿಸಿ ನೋಡಿದರು. ಕಡಿಯದೆ ಬಿಟ್ಟ ಹಳೇ ತೋಪಿನ ನೆರಳಲ್ಲಿ ಸ್ಥಳೀಯ ಗಿಡಗಳು ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ ಅಂತ ಕಂಡರು. ನನಗೆ ಬೇಕಾದ ಮಾತು ಇದು. ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷದ ಲೀಸ್‌ಗೆ ಕೊಟ್ಟ ಜಾಗದಲ್ಲೆಲ್ಲ ಅಕೇಶಿಯಾ, ನೀಲಗಿರಿ ಬಂದವು, 2020ರಲ್ಲಿ ಅದರ ವಿರುದ್ಧ ಜಿಲ್ಲೆಯಲ್ಲಿ ದೊಡ್ಡ ಹೋರಾಟವೂ ಆಯಿತು. ನಾನೂ ಅಕೇಶಿಯಾ ಬೇಡ ಅನ್ನುವವನೇ. ಆದರೆ "ಪೂರ್ತಿ ಬೋಳಿಸಿ ಕಾಡು ಗಿಡ ನೆಡಿ" ಅನ್ನುವ ಗೆಳೆಯರ ಜೊತೆ ನನ್ನ ಜಗಳ ಇದೆ. ಹಕ್ಕಿ, ಬಾವಲಿ ಬೀಜ ಹಾಕಿ ಬೆಳೆಸಿದ ನೇರಳೆ, ಉಪ್ಪಾಗೆ ಸಸಿಗಳು ಎಷ್ಟೋ ಹಳೇ ತೋಪುಗಳ ದರಗಿನ ಮಧ್ಯೆ ಮೊಣಕಾಲೆತ್ತರ ನಿಂತಿವೆ. ಮೇಲಿನ ಮರವನ್ನು ಗಾಳಿಯೇ ಕೆಡವಿದರೆ ಅವಕ್ಕೆ ಬೇಕಾದ ಬೆಳಕು ಪುಕ್ಕಟೆ ಸಿಕ್ಕಿತು, ಅಲ್ವಾ?

ಆಗುವುದೇ ಬೇರೆ. ಬಿದ್ದ ಮರ ಎಳೆಯಲು ಜೆಸಿಬಿ ಬರುತ್ತದೆ, ದಾರಿಗೆ ಸಿಕ್ಕ ಸಸಿಗಳೆಲ್ಲ ಅದರ ಚೈನಿನಡಿ ಚಟ್ನಿ. ಆಮೇಲೆ ಗುಂಡಿ ತೋಡಿ, ಫೋಟೋ ಹೊಡೆದು ಹೊಸ ಸಸಿ ನೆಡುವುದು. ನಾಟಾ ಬೇಕಾದರೆ ಅರಣ್ಯ ಇಲಾಖೆಯವರು ಒಯ್ಯಲಿ, ಊರವರ ಕೈಲಿ ಕೊಯ್ಯಿಸಿ ಹೊರಿಸಲಿ. ಗುಂಡಿ ತೋಡುವ ದುಡ್ಡು ಕಳೆ ಕೀಳುವುದಕ್ಕೆ ಇಡಲಿ. ಯಾಕಂದ್ರೆ ಮಣ್ಣಿನಲ್ಲಿ ಕೂತಿರುವ ಅಕೇಶಿಯಾ ಬೀಜವೂ ಬಿಸಿಲು ಬಿದ್ದ ಕೂಡಲೇ ಮೊಳೆಯುತ್ತದೆ. ಅದನ್ನು ಮಳೆಗಾಲದಲ್ಲಿ, ಮಣ್ಣು ಮೆದುವಾಗಿರುವಾಗಲೇ, ಬೇರು ಸಮೇತ ಕೀಳಬೇಕು, ಅದೂ ಮೂರ್ನಾಲ್ಕು ವರ್ಷ ಬಿಡದೆ.